ಹಳೆಯ ಒಲಿಂಪಿಕ್ ವಾಟರ್ ಪೋಲೋ ಆಟಗಾರನ ಜೀವನ ಬರೆಯುವುದು ಹೇಗೆ

ನನ್ನ ಮೇಜಿನ ಮೇಲೆ ಎರಡು ಹಾಳೆಗಳಿವೆ. ಒಂದರಲ್ಲಿ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಬ್ರಿಟನ್ ವಾಟರ್ ಪೋಲೋ ತಂಡದ ಏಳು ಹೆಸರು. ಈಜುತ್ತಲೇ ಚೆಂಡನ್ನು ಗೋಲಿಗೆ ಎಸೆಯುವ ಆಟ ಇದು. ಇನ್ನೊಂದರಲ್ಲಿ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಚಿನ್ನ ಗೆದ್ದ ಅದೇ ದೇಶದ ತಂಡದ ಏಳು ಹೆಸರು. ಎರಡರಲ್ಲೂ ಇರುವವರು ಮೂವರೇ: ಗೋಲ್‌ಕೀಪರ್ ಚಾರ್ಲ್ಸ್ ಸ್ಮಿತ್, ಚಾರ್ಲ್ಸ್ ಬಗ್‌ಬೀ, ಪಾಲ್ ರಾಡ್ಮಿಲೊವಿಚ್. ನಡುವೆ ಎಂಟು ವರ್ಷ ಕಳೆದಿದೆ. 1916ರಲ್ಲಿ ಬರ್ಲಿನ್‌ನಲ್ಲಿ ಆಗಬೇಕಿದ್ದ ಕ್ರೀಡಾಕೂಟ ಯುದ್ಧದಿಂದ ನಡೆಯಲೇ ಇಲ್ಲ. ಮೊದಲ ಹಾಳೆಯಲ್ಲಿರುವ ಐಸಾಕ್ ಬೆಂಥಮ್ 1917ರಲ್ಲಿ ಫ್ರಾನ್ಸಿನ ಅರಾಸ್ ಬಳಿ ಸೈನಿಕನಾಗಿ ಸತ್ತರು.

ಹಳೆಯ ಆಟಗಾರರ ಬಗ್ಗೆ ಬರೆಯಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ. ಪದಕಗಳ ಪಟ್ಟಿ ಆಮೇಲೆ ನೋಡಿ. ಮೊದಲು ನಿಮ್ಮ ಆಟಗಾರ ಆಡಿದ ಎರಡು ತಂಡಗಳ ಹೆಸರು ಪಕ್ಕಪಕ್ಕ ಬರೆದುಕೊಳ್ಳಿ. ಯಾರು ಉಳಿದರು, ಯಾರು ಹೋದರು, ಯಾಕೆ ಹೋದರು? ಹೊಸದಾಗಿ ಯಾರು ಬಂದರು? 1920ರ ತಂಡದ ನೋಯೆಲ್ ಪರ್ಸೆಲ್ ನಾಲ್ಕು ವರ್ಷದ ನಂತರ ಐರ್ಲೆಂಡ್ ಪರ ಆಡಿದರು. ನಡುವೆ ಒಂದು ಹೊಸ ದೇಶವೇ ಹುಟ್ಟಿತ್ತು! ಇದೆಲ್ಲ ಎರಡು ಹಾಳೆ ನೋಡುತ್ತಲೇ ಕಾಣುತ್ತದೆ.

ನಾನು ಕಾಲೇಜಿನಲ್ಲಿ ವಾಟರ್ ಪೋಲೋ ಆಡಿದವಳು. ಹೆಣ್ಣುಮಕ್ಕಳಿಗೆ ಈ ಆಟದಲ್ಲಿ ಒಲಿಂಪಿಕ್ಸ್ ಬಾಗಿಲು ತೆರೆದದ್ದು 2000ದಲ್ಲಿ, ಸಿಡ್ನಿಯಲ್ಲಿ. ಹಾಗಾಗಿ ಆಟಕ್ಕೆ ದುಡ್ಡು ಪಡೆಯುವಂತಿರದ ಅಮೆಚೂರ್ ಕಾಲದ ಒಲಿಂಪಿಕ್ ಆಟಗಾರರೆಲ್ಲ ಗಂಡಸರೇ. ಆದರೂ ಆ ಹಳೆಯ ಫೋಟೋಗಳಲ್ಲಿ ಕೈಕಟ್ಟಿ ನಿಂತ ಏಳು ಜನರನ್ನು ನೋಡಿದಾಗ ನನಗೆ ಅವರು ಪರಿಚಯದವರ ಹಾಗೇ ಕಾಣುತ್ತಾರೆ. ಅವರ ಕಾಲು ನೋಯುವುದು ಎಲ್ಲಿ ಅಂತ ನನಗೆ ಗೊತ್ತು.

ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ?

ಇಡೀ ಬರಹ ನಿಲ್ಲುವುದು ಈ ಪ್ರಶ್ನೆಯ ಮೇಲೆ. ಇಂದಿನ ಆಟಗಾರನ ಬಗ್ಗೆ ಬರೆಯುವಾಗ ಆಟವೇ ಅವನ ಕೆಲಸ. ಅಂದು ಹಾಗಿರಲಿಲ್ಲ. ಆಟದಿಂದ ಕಾಸು ಮುಟ್ಟಿದರೆ ಒಲಿಂಪಿಕ್ಸ್‌ನಿಂದ ಹೊರಗೆ. ಅಮೆರಿಕದ ಜಿಮ್ ಥೋರ್ಪ್ ಬೇಸಿಗೆಯಲ್ಲಿ ಸಣ್ಣ ಮೊತ್ತಕ್ಕೆ ಬೇಸ್‌ಬಾಲ್ ಆಡಿದ್ದರು ಅಂತ 1913ರಲ್ಲಿ ಅವರ ಎರಡೂ ಚಿನ್ನ ಕಿತ್ತುಕೊಂಡರು. ಅದು ಓಟ, ಜಿಗಿತದ ಕ್ರೀಡೆ. ಈಜಿನಲ್ಲಿ ಇನ್ನೂ ಕಷ್ಟ. ಬ್ರಿಟನ್ನಿನಲ್ಲಿ ದುಡ್ಡಿಗೆ ಈಜು ಹೇಳಿಕೊಟ್ಟವನನ್ನೂ ವೃತ್ತಿಪರ ಎಂದು ಎಣಿಸುತ್ತಿದ್ದರು. ಅಂದರೆ ನೀರು ಬಿಟ್ಟು ಬೇರೇನೂ ಚೆನ್ನಾಗಿ ಬಾರದವನಿಗೆ ನೀರಿನಿಂದ ಬದುಕುವ ದಾರಿ ಮುಚ್ಚಿತ್ತು.

ಆದ್ದರಿಂದ ಒಂದು ಹಾಳೆಯಲ್ಲಿ ಎಡಗಡೆ ವರ್ಷ, ಬಲಗಡೆ ಕೆಲಸ ಬರೆಯಿರಿ. ಯಾರ ಹತ್ತಿರ ದುಡಿಯುತ್ತಿದ್ದ? ಪ್ರವಾಸಕ್ಕೆ ರಜೆ ಕೊಟ್ಟವರು ಯಾರು? ಆ ವಾರಗಳ ಸಂಬಳ ಬಂತಾ? ಮನೆಯಲ್ಲಿ ಎಷ್ಟು ಮಕ್ಕಳು? ರಾಡ್ಮಿಲೊವಿಚ್ ಅವರನ್ನೇ ತಗೊಳ್ಳಿ. 1886ರ ಮಾರ್ಚ್ 5ರಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದರು. ತಂದೆ ಕ್ರೊಯೇಷಿಯಾ ಮೂಲದವರು, ತಾಯಿ ಐರಿಷ್ ಮೂಲದವರು. ಆಮೇಲೆ ಸಮುದ್ರದಂಡೆಯ ವೆಸ್ಟನ್-ಸೂಪರ್-ಮೇರ್ ಊರಿಗೆ ಹೋಗಿ ಅಲ್ಲಿ ಪಬ್ ನಡೆಸಿದರು. ಆ ಒಂದು ಸಾಲು ನನಗೆ ತುಂಬ ಹೇಳಿತು. ಸ್ವಂತ ವ್ಯಾಪಾರ ಇದ್ದವನು ಯಾರ ಅಪ್ಪಣೆಯೂ ಇಲ್ಲದೆ ಹೊರಡಬಹುದು. ಆದರೆ ಅವನು ಹೊರಟ ದಿನ ಅಂಗಡಿ ನೋಡಿಕೊಳ್ಳಲು ಮನೆಯವರು ಬೇಕು. ಅವರ ಹೆಸರೂ ನಿಮ್ಮ ಬರಹದಲ್ಲಿ ಬರಬೇಕು.

ಕೆಲಸ ಹುಡುಕಲು ಜನಗಣತಿ ಒಳ್ಳೆಯ ಜಾಗ. ಇಂಗ್ಲೆಂಡ್ ಮತ್ತು ವೇಲ್ಸ್‌ನವರಾದರೆ 1911 ಮತ್ತು 1921ರ ಗಣತಿ ಸಿಗುತ್ತದೆ. 1931ರದ್ದು 1942ರಲ್ಲಿ ಬೆಂಕಿಗೆ ಹೋಯಿತು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ಆಗಲಿಲ್ಲ. ಆ ಹಳ್ಳ ದಾಟಿಸುವುದು 1939ರ ಸೆಪ್ಟೆಂಬರಿನಲ್ಲಿ ಮಾಡಿದ ಜನರ ನೋಂದಣಿ. ಅದರಲ್ಲಿ ಹುಟ್ಟಿದ ದಿನವೂ ಇದೆ, ಕೆಲಸವೂ ಇದೆ. ಸುಮ್ನೆ ಹತ್ತು ನಿಮಿಷದ ಕೆಲಸ ಅಂದುಕೊಳ್ಳಬೇಡಿ. ನನಗೆ ಒಬ್ಬರಿಗೆ ಒಂದು ವಾರ ಹಿಡಿದದ್ದಿದೆ.

ಆ ವರ್ಷದ ನಿಯಮ ಓದಿ, ಆಮೇಲೆ ನೀರಿಗಿಳಿಯಿರಿ

ಇಂದಿನ ಆಟವನ್ನು ತಲೆಯಲ್ಲಿಟ್ಟುಕೊಂಡು 1912ರ ಬಗ್ಗೆ ಬರೆದರೆ ಎಲ್ಲವೂ ತಪ್ಪಾಗುತ್ತದೆ. ನಾನು ಹಾಗೆ ಬರೆದು ಹರಿದು ಹಾಕಿದ್ದೇನೆ. ಅಂದು ಏಳು ನಿಮಿಷದ ಎರಡು ಅವಧಿ. ಇಂದಿನ ಹಾಗೆ ಆಟಗಾರರನ್ನು ಬದಲಿಸುವಂತಿಲ್ಲ. ತಪ್ಪು ಮಾಡಿ ಹೊರಗೆ ಹೋದವನು ಯಾವುದಾದರೂ ತಂಡ ಗೋಲು ಹೊಡೆಯುವವರೆಗೆ ಹೊರಗೇ. ಇನ್ನೂ ಮುಖ್ಯವಾದದ್ದು ಸೀಟಿ. ರೆಫರಿ ಸೀಟಿ ಊದಿದರೆ ಎಲ್ಲರೂ ಇದ್ದ ಜಾಗದಲ್ಲೇ ನಿಲ್ಲಬೇಕು. ಚೆಂಡು ಮತ್ತೆ ಆಟಕ್ಕೆ ಬರುವವರೆಗೆ ಯಾರೂ ಈಜಿ ಮುಂದೆ ಹೋಗುವಂತಿಲ್ಲ. ಈ ನಿಯಮ ಬದಲಾದದ್ದು 1940ರ ದಶಕದ ಕೊನೆಗೆ.

ಇದು ಗೊತ್ತಾದ ಮೇಲೆ ಚಾರ್ಲ್ಸ್ ಸ್ಮಿತ್ 41ರ ವಯಸ್ಸಿನಲ್ಲಿ 1920ರ ಚಿನ್ನ ಗೆದ್ದದ್ದು ನನಗೆ ಅರ್ಥವಾಯಿತು. ವೇಗಕ್ಕಿಂತ ಜಾಗ ಹಿಡಿಯುವುದು, ಅಲ್ಲೇ ಗಟ್ಟಿಯಾಗಿ ನಿಲ್ಲುವುದು, ಎದುರಿನವನ ಕೈ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ತಿಳಿಯುವುದು ಆ ಆಟದಲ್ಲಿ ಜಾಸ್ತಿ ನಡೆಯುತ್ತಿತ್ತು. ಅನುಭವಿಗೆ ಅದು ಒಳ್ಳೆಯ ಕಾಲ. ಸ್ಮಿತ್ ಅವರ ವಯಸ್ಸನ್ನು ಬರೇ ದಾಖಲೆ ಅಂತ ಬರೆದು ಮುಂದೆ ಹೋದರೆ ಅವರಿಗೆ ಅನ್ಯಾಯ. ಅವರ ಕೌಶಲ ಏನಿತ್ತು ಅಂತ ಹೇಳಬೇಕು.

ಈಗ ನಿಮ್ಮ ಕೆಲಸ. ಈಜು ಬರುವುದಾದರೆ ಮಾತ್ರ, ಜೊತೆಗೆ ಒಬ್ಬರು ಇರುವಾಗ, ಕಾಲಿಗೆ ನೆಲ ಸಿಗದ ನೀರಿಗೆ ಇಳಿಯಿರಿ. ಗಡಿಯಾರ ನೋಡಿಕೊಂಡು ಏಳು ನಿಮಿಷ ನಿಂತ ಜಾಗದಲ್ಲೇ ತೇಲಿ. ಕೊನೆಯ ಒಂದು ನಿಮಿಷ ಎರಡೂ ಕೈ ನೀರಿನಿಂದ ಮೇಲೆತ್ತಿ. ತೊಡೆ ಉರಿಯುತ್ತದೆ, ಬಾಯಿಗೆ ನೀರು ಬರುತ್ತದೆ. ಆಗ ಬರೆಯುವ ವಾಕ್ಯ ಬೇರೆ ಥರ ಇರುತ್ತದೆ.

ಚೆಂಡನ್ನೂ ಮರೆಯಬೇಡಿ. ಆಗ ಚರ್ಮದ ಚೆಂಡು. ಆಟ ಮುಂದುವರಿದಂತೆ ನೀರು ಕುಡಿದು ಭಾರವಾಗುತ್ತಿತ್ತು, ಜಾರುತ್ತಿತ್ತು. ಅಮೆರಿಕದ ತರಬೇತುದಾರ ಜೇಮ್ಸ್ ಸ್ಮಿತ್ 1930ರ ದಶಕದಲ್ಲಿ ರಬ್ಬರ್ ಹೊದಿಕೆಯ ಚೆಂಡು ಮಾಡಿದ ಮೇಲೆ ಈ ಕಷ್ಟ ನಿಧಾನವಾಗಿ ತಪ್ಪಿತು. ನಾನೊಂದು ಹಳೆಯ ಚರ್ಮದ ಫುಟ್‌ಬಾಲನ್ನು ಇಡೀ ರಾತ್ರಿ ಬಕೆಟ್ಟಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಕೊಳದಲ್ಲಿ ಒಂದೇ ಕೈಯಲ್ಲಿ ಎತ್ತಿ ಎಸೆಯಲು ನೋಡಿದೆ. ಐದು ಮೀಟರ್ ದಾಟಲಿಲ್ಲ. ಭುಜ ಎರಡು ದಿನ ನೋಯಿತು. ಅಂದಿನಿಂದ ಒಂದು ಹಳೆಯ ಪಂದ್ಯದ ವರದಿಯಲ್ಲಿ ದೂರದಿಂದ ಗೋಲು ಅಂತ ಓದಿದರೆ ನಾನು ಅಲ್ಲೇ ಒಂದು ಕ್ಷಣ ನಿಲ್ಲುತ್ತೇನೆ.

ಆಡಿದ ನೀರು ಯಾವುದು ಅಂತಲೂ ನೋಡಿ. 1908ರ ಲಂಡನ್ ಕೊಳ ಅಥ್ಲೆಟಿಕ್ಸ್ ಕ್ರೀಡಾಂಗಣದ ಒಳಗೇ ಇತ್ತು, 100 ಮೀಟರ್ ಉದ್ದ. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಮುದ್ರದ ಹಿನ್ನೀರಿನಲ್ಲೇ ಆಡಿಸಿದರು. 1924ರ ಪ್ಯಾರಿಸ್‌ಗೆ ಬರುವಷ್ಟರಲ್ಲಿ 50 ಮೀಟರಿನ ಸರಿಯಾದ ಈಜುಕೊಳ ಸಿಕ್ಕಿತು.

ಅಂಕಿಗಳನ್ನು ಬಿಡಿಸಿ ನೋಡಿ

ರಾಡ್ಮಿಲೊವಿಚ್ ಅವರಿಗೆ ನಾಲ್ಕು ಒಲಿಂಪಿಕ್ ಚಿನ್ನ. 1908, 1912, 1920ರಲ್ಲಿ ವಾಟರ್ ಪೋಲೋ. ಇನ್ನೊಂದು 1908ರ 4x200 ಮೀಟರ್ ಫ್ರೀಸ್ಟೈಲ್ ರಿಲೇ. ಆ ರಿಲೇ ತಂಡಕ್ಕೆ ಅವರು ಸೇರಿದ್ದು ಕೊನೆಗಳಿಗೆಯಲ್ಲಿ, ಇನ್ನೊಬ್ಬ ಈಜುಗಾರ ಹುಷಾರು ತಪ್ಪಿದ್ದರಿಂದ. ಬ್ರಿಟನ್ನಿನ ಯಾವ ಕ್ರೀಡಾಪಟುವೂ 2000ದವರೆಗೆ ಈ ಸಂಖ್ಯೆಯನ್ನು ದಾಟಲಿಲ್ಲ. ದಾಟಿದವರು ದೋಣಿ ಸ್ಪರ್ಧೆಯ ಸ್ಟೀವ್ ರೆಡ್‌ಗ್ರೇವ್.

ಇಷ್ಟು ಬರೆದು ನಿಲ್ಲಿಸಿದರೆ ಅರ್ಧ ಸತ್ಯ. ಪ್ರತಿ ಪದಕದ ಹಿಂದೆ ಎಷ್ಟು ಪಂದ್ಯ ಅಂತ ನೋಡಬೇಕು. 1908ರಲ್ಲಿ ಬ್ರಿಟನ್ ಆಡಿದ್ದು ಒಂದೇ ಪಂದ್ಯ, ನೇರವಾಗಿ ಫೈನಲ್. ಬೆಲ್ಜಿಯಂ ವಿರುದ್ಧ 9-2. 1912ರಲ್ಲಿ ಮೂರು ಪಂದ್ಯ. ಬೆಲ್ಜಿಯಂ ವಿರುದ್ಧದ ಮೊದಲ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ಫೈನಲ್‌ನಲ್ಲಿ ಆಸ್ಟ್ರಿಯಾ ವಿರುದ್ಧ 8-0. 1920ರಲ್ಲೂ ಮೂರು ಪಂದ್ಯ. ಫೈನಲ್‌ನಲ್ಲಿ ಮತ್ತೆ ಬೆಲ್ಜಿಯಂ, ಈ ಸಲ 3-2. ನನ್ನ ಮಟ್ಟಿಗೆ ಮೂರರಲ್ಲಿ ದೊಡ್ಡದು ಈ ಕೊನೆಯದೇ. 1924ರಲ್ಲಿ ಮೊದಲ ಪಂದ್ಯದಲ್ಲೇ ಹಂಗೇರಿ 7-6ರಿಂದ ಬ್ರಿಟನ್ನನ್ನು ಮನೆಗೆ ಕಳಿಸಿತು. ಆಟ ಯಾರ ಕೈಗೆ ದಾಟುತ್ತಿತ್ತು ಅನ್ನುವುದು ಆ ಒಂದು ಗೋಲಿನಲ್ಲಿ ಕಾಣುತ್ತದೆ. ಸೋತ ಪಂದ್ಯವನ್ನು ಬಿಟ್ಟು ಬರೆಯಬೇಡಿ.

ಎಷ್ಟು ಒಲಿಂಪಿಕ್ಸ್‌ನಲ್ಲಿ ಆಡಿದರು ಅನ್ನುವುದರಲ್ಲೂ ಎಚ್ಚರ ಬೇಕು. 1908ರಿಂದ 1928ರವರೆಗೆ ಎಣಿಸಿದರೆ ರಾಡ್ಮಿಲೊವಿಚ್ ಅವರದು ಐದು. ಕೆಲವು ಕಡೆ ಆರು ಅಂತ ಇರುತ್ತದೆ. ಹಾಗೆ ಬರೆದವರು 1906ರ ಅಥೆನ್ಸ್ ಕೂಟವನ್ನೂ ಸೇರಿಸಿರುತ್ತಾರೆ. ಆ ಕೂಟವನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. 1900ರ ಪ್ಯಾರಿಸ್ ಇನ್ನೂ ಗೋಜಲು. ಅಲ್ಲಿ ಆಡಿದ್ದು ಕ್ಲಬ್ ತಂಡಗಳು. ಗೆದ್ದ ಮ್ಯಾಂಚೆಸ್ಟರಿನ ಆಸ್ಬೋರ್ನ್ ಕ್ಲಬ್ಬಿನ ಆಟಗಾರರ ಹೆಸರು ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ ಇದೆ. ಇಂಥ ಕಡೆ ಯಾವ ಪಟ್ಟಿಯನ್ನು ನಂಬಿದಿರಿ, ಯಾಕೆ ನಂಬಿದಿರಿ ಅಂತ ಒಂದು ಸಾಲು ಬರೆದುಬಿಡಿ. ಓದುಗರು ನಿಮ್ಮನ್ನು ನಂಬುವುದು ಅಂಥ ಸಾಲುಗಳಿಂದ.

ಹೆಸರು ನೋಡಿ ಮೋಸ ಹೋಗಬೇಡಿ

ಇದರಲ್ಲಿ ನಾನೇ ಬಿದ್ದಿದ್ದೇನೆ. ಬೆಲ್ಜಿಯಂನ ಜೆರಾರ್ ಬ್ಲಿಟ್ಜ್ 1920 ಮತ್ತು 1924ರಲ್ಲಿ ವಾಟರ್ ಪೋಲೋ ಬೆಳ್ಳಿ, 1936ರಲ್ಲಿ ಕಂಚು ಗೆದ್ದವರು. ಕ್ಲಬ್ ಮೆಡ್ ಎಂಬ ಹೆಸರಾಂತ ಪ್ರವಾಸಿ ಸಂಸ್ಥೆಯನ್ನು 1950ರಲ್ಲಿ ಕಟ್ಟಿದವರ ಹೆಸರೂ ಜೆರಾರ್ ಬ್ಲಿಟ್ಜ್. ಅವರೂ ವಾಟರ್ ಪೋಲೋ ಆಡಿದವರೇ! ನಾನು ಇಬ್ಬರನ್ನೂ ಒಬ್ಬರೇ ಅಂದುಕೊಂಡು ಚೆಂದದ ಎರಡು ಪುಟ ಬರೆದುಬಿಟ್ಟಿದ್ದೆ. ಕೊನೆಗೆ ಹುಟ್ಟಿದ ವರ್ಷ ನೋಡಿದೆ. ಒಬ್ಬರದು 1901, ಇನ್ನೊಬ್ಬರದು 1912. ಎರಡನೆಯವರು ಮೊದಲನೆಯವರ ಅಣ್ಣ ಮೊರಿಸ್ ಅವರ ಮಗ. ಮೊರಿಸ್ ಕೂಡ ಅದೇ ಒಲಿಂಪಿಕ್ ತಂಡದಲ್ಲಿದ್ದರು. ಎರಡು ಪುಟವನ್ನೂ ಹರಿದು ಹಾಕಬೇಕಾಯಿತು. ಅಂದಿನಿಂದ ಹುಟ್ಟಿದ ತಾರೀಖು ಸಿಗುವವರೆಗೆ ನಾನು ಯಾರ ಬಗ್ಗೆಯೂ ಬರೆಯಲು ಶುರು ಮಾಡುವುದಿಲ್ಲ.

ಹಂಗೇರಿಯವರ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅಲ್ಲಿನ ಪತ್ರಿಕೆಗಳಲ್ಲಿ ಆಟಗಾರ ಡೆಜೋ ಗ್ಯಾರ್ಮತಿ ಅವರನ್ನು ಗ್ಯಾರ್ಮತಿ ಡೆಜೋ ಅಂತಲೇ ಹುಡುಕಬೇಕು. ಹೆಸರನ್ನೇ ಬದಲಿಸಿಕೊಂಡವರೂ ಇದ್ದಾರೆ. ಒಲಿವೇರ್ ಹಲಾಶಿ ಹುಟ್ಟಿದಾಗ ಹಲ್ಟ್‌ಮಾಯರ್. ಚಿಕ್ಕಂದಿನಲ್ಲಿ ಅಪಘಾತದಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡವರು. ಆ ಒಂದು ಕಾಲಿನಲ್ಲೇ 1928ರಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ ಗೆದ್ದರು. ನೀವು ಏಳು ನಿಮಿಷ ನೀರಿನಲ್ಲಿ ನಿಂತು ಬಂದಿದ್ದರೆ ಇದನ್ನು ಓದುವಾಗ ಮೈ ಜುಮ್ ಅನ್ನುತ್ತದೆ.

ಹಳೆಯ ಪತ್ರಿಕೆ ಹುಡುಕುವ ಬಗೆ

ಮೊದಲು ಆಯಾ ಒಲಿಂಪಿಕ್ಸ್‌ನ ಅಧಿಕೃತ ವರದಿ ತೆರೆಯಿರಿ. ಲಾಸ್ ಏಂಜಲೀಸ್‌ನ ಎಲ್‌ಎ84 ಫೌಂಡೇಶನ್ನಿನ ಡಿಜಿಟಲ್ ಗ್ರಂಥಾಲಯದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಆಮೇಲೆ ಊರಿನ ಪತ್ರಿಕೆ. ವೇಲ್ಸ್‌ನವರಾದರೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 1919ರವರೆಗಿನ ಪತ್ರಿಕೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಅಂತರ್ಜಾಲದ ಹಳೆಯ ಪತ್ರಿಕೆ ಸಂಗ್ರಹಗಳೆಂದರೆ ಆಸ್ಟ್ರೇಲಿಯಾಕ್ಕೆ ಟ್ರೋವ್, ಫ್ರಾನ್ಸಿಗೆ ಗಾಲಿಕಾ, ನೆದರ್ಲೆಂಡ್ಸ್‌ಗೆ ಡೆಲ್ಫರ್. ಭಾಷೆ ಬಾರದಿದ್ದರೂ ಹೆಸರು ಮತ್ತು ಸ್ಕೋರ್ ಎಲ್ಲ ಭಾಷೆಯಲ್ಲೂ ಓದಲು ಬರುತ್ತವೆ.

ಹುಡುಕುವಾಗ ಹೆಸರನ್ನು ತಪ್ಪಾಗಿ ಬರೆದು ಹುಡುಕಿ. ರಾಡ್ಮಿಲೊವಿಚ್ ಎಂಬ ಹೆಸರನ್ನು ಆ ಕಾಲದ ಮುದ್ರಕರು ಹೇಗೆಲ್ಲ ಜೋಡಿಸಿರಬಹುದು ಯೋಚಿಸಿ. ಅವರನ್ನು ರಾಡಿ ಅಂತಲೂ ಕರೆಯುತ್ತಿದ್ದರು, ಅದನ್ನೂ ಹಾಕಿ. ಪಂದ್ಯದ ಮರುದಿನದ ಪತ್ರಿಕೆಯಲ್ಲಿ ಸ್ಕೋರ್ ಇರುತ್ತದೆ. ಕಥೆ ಇರುವುದು ಒಂದು ವಾರ ಕಳೆದು, ಆಟಗಾರ ಊರಿಗೆ ಮರಳಿದಾಗ ಬರುವ ಸಣ್ಣ ಸುದ್ದಿಯಲ್ಲಿ. ರೈಲು ನಿಲ್ದಾಣಕ್ಕೆ ಯಾರು ಬಂದಿದ್ದರು, ಕ್ಲಬ್ ಏನು ಕೊಟ್ಟಿತು. ಉಡುಗೊರೆ ಏನು ಅಂತ ಗಮನಿಸಿ. ನಗದು ಕೊಡುವಂತಿರಲಿಲ್ಲವಲ್ಲ!

ಕೇಳಿದ ಕಥೆಗಳನ್ನು ಏನು ಮಾಡುವುದು?

1920ರ ಫೈನಲ್ ಬಗ್ಗೆ ಒಂದು ಕಥೆ ಇದೆ. ಆಟ ಮುಗಿಯಲು ಮೂರು ನಿಮಿಷಕ್ಕಿಂತ ಕಡಿಮೆ ಇದ್ದಾಗ ರಾಡ್ಮಿಲೊವಿಚ್ ಗೆಲುವಿನ ಗೋಲು ಹೊಡೆದರು, ಬೆಲ್ಜಿಯಂ ಪ್ರೇಕ್ಷಕರು ಸಿಟ್ಟಿನಿಂದ ಮೈಮೇಲೆ ಬಂದರು, ಬ್ರಿಟನ್ ಆಟಗಾರರನ್ನು ಪೊಲೀಸರು ಕಾಪಾಡಿ ಕರೆದೊಯ್ದರು ಅಂತ. ಇಂಥದ್ದು ಸಿಕ್ಕಾಗ ಎರಡೂ ದೇಶಗಳ ಪತ್ರಿಕೆ ಓದಿ. ಎರಡರಲ್ಲೂ ಇರುವುದನ್ನು ಘಟನೆಯಾಗಿ ಬರೆಯಿರಿ. ಒಂದರಲ್ಲಿ ಮಾತ್ರ ಇದ್ದರೆ ಯಾರು ಹೇಳಿದ್ದು ಅಂತ ಹೇಳಿ ಬರೆಯಿರಿ.

ಇನ್ನೂ ಹೆಸರಾದದ್ದು 1956ರ ಮೆಲ್ಬರ್ನ್. ಅಕ್ಟೋಬರ್ 23ರಂದು ಸೋವಿಯತ್ ಹಿಡಿತದ ವಿರುದ್ಧ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ದಂಗೆ ಎದ್ದಿತ್ತು, ಸೋವಿಯತ್ ಸೇನೆ ಅದನ್ನು ಹೊಸಕಿತ್ತು. ಡಿಸೆಂಬರ್ 6ರಂದು ಹಂಗೇರಿ ಮತ್ತು ಸೋವಿಯತ್ ಒಕ್ಕೂಟ ನೀರಿನಲ್ಲಿ ಎದುರಾದವು. ಹಂಗೇರಿ 4-0 ಮುಂದಿತ್ತು. ಅದರಲ್ಲಿ ಎರಡು ಗೋಲು ಎರ್ವಿನ್ ಜಾಡೋರ್ ಅವರದು. ಕೊನೆಯಲ್ಲಿ ವ್ಯಾಲೆಂಟಿನ್ ಪ್ರೊಕೊಪೊವ್ ಹೊಡೆದ ಏಟಿಗೆ ಜಾಡೋರ್ ಕಣ್ಣಿನ ಕೆಳಗೆ ಸೀಳಿತು. ರಕ್ತ ಸುರಿಯುತ್ತಾ ಅವರು ದಡ ಹತ್ತಿದರು. ಕೊಳವೆಲ್ಲ ಕೆಂಪಾಯಿತು ಅಂತ ಬರೆಯುವವರಿದ್ದಾರೆ. ಒಬ್ಬನ ಮುಖದ ಗಾಯದಿಂದ ಅಷ್ಟು ದೊಡ್ಡ ಕೊಳ ಕೆಂಪಾಗುತ್ತದಾ? ನಡೆದದ್ದೇ ಸಾಕಷ್ಟು ಘೋರ, ಅದಕ್ಕೆ ಬಣ್ಣ ಬಳಿಯುವುದು ಬೇಡ. ಜಾಡೋರ್ ಬಗ್ಗೆ ಬರೆಯುವವರು ಮುಂದಿನದನ್ನು ಬರೆಯಿರಿ. ಆ ಗಾಯದಿಂದ ಅವರು ಫೈನಲ್ ಆಡಲಿಲ್ಲ. ತಂಡ ಚಿನ್ನ ಗೆದ್ದಿತು. ಅವರು ಊರಿಗೆ ಮರಳದೆ ಅಮೆರಿಕದಲ್ಲಿ ನೆಲೆಸಿ ಈಜು ಕಲಿಸಿದರು. ಅವರ ಕೈಕೆಳಗೆ ಕಲಿತವರಲ್ಲಿ ಮುಂದೆ ಒಲಿಂಪಿಕ್ ಈಜಿನಲ್ಲಿ ಹೆಸರಾದ ಹುಡುಗ ಮಾರ್ಕ್ ಸ್ಪಿಟ್ಜ್ ಕೂಡ ಒಬ್ಬರು.

ಅದೇ ತಂಡದ ಗ್ಯಾರ್ಮತಿ ಅವರ ಬದುಕು ಇನ್ನೊಂದು ದಾರಿ. 1948ರಿಂದ 1964ರವರೆಗೆ ಐದು ಒಲಿಂಪಿಕ್ಸ್, ಐದು ಪದಕ, ಅದರಲ್ಲಿ ಮೂರು ಚಿನ್ನ. ದಂಗೆ ಎದ್ದ ದಿನವೇ ಅವರಿಗೆ 29 ತುಂಬಿತ್ತು. ಮೆಲ್ಬರ್ನ್ ನಂತರ ಸ್ವಲ್ಪ ಕಾಲ ಹೊರಗಿದ್ದು ಮತ್ತೆ ಹಂಗೇರಿಗೇ ಮರಳಿದರು. ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು. ಹಂಗೇರಿ, ಸೋವಿಯತ್ ಒಕ್ಕೂಟದಂಥ ದೇಶಗಳಲ್ಲಿ ಆಗ ಆಟಗಾರ ಕಾಗದದ ಮೇಲೆ ಎಲ್ಲೋ ನೌಕರ ಅಥವಾ ವಿದ್ಯಾರ್ಥಿ, ಅಭ್ಯಾಸಕ್ಕೆ ಬೇಕಾದ ಸಮಯ ಸರ್ಕಾರದ್ದು. ಮನೆಯವರನ್ನೂ ನೋಡಿ. ಪತ್ನಿ ಈವಾ ಸೇಕೆಯ್ 1952ರಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದವರು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕೂಟದಲ್ಲಿ ಚಿನ್ನ. ಮಗಳು ಆಂಡ್ರಿಯಾ 1972ರಲ್ಲಿ ಈಜಿನಲ್ಲಿ ಪದಕ ತಂದರು. ಈವಾ ಅವರನ್ನು ಬರೇ ಪತ್ನಿ ಅಂತ ಒಂದು ಸಾಲಿನಲ್ಲಿ ಮುಗಿಸುವ ಬರಹ ನನಗೆ ಸಿಟ್ಟು ತರಿಸುತ್ತದೆ.

ಪದಕ ಇಲ್ಲದವರ ಬಗ್ಗೆಯೂ ಬರೆಯಿರಿ

1948ರಲ್ಲಿ ಭಾರತದ ತಂಡವೂ ಲಂಡನ್ನಿನಲ್ಲಿ ವಾಟರ್ ಪೋಲೋ ಆಡಿತು. ಚಿಲಿಯನ್ನು 7-4ರಿಂದ ಸೋಲಿಸಿತು. ಏಳರಲ್ಲಿ ನಾಲ್ಕು ಗೋಲು ಸಚಿನ್ ನಾಗ್ ಅವರದು. ಒಂದು ವರ್ಷ ಮೊದಲು, 1947ರ ಗಲಭೆಯಲ್ಲಿ ಕಲ್ಕತ್ತಾದಲ್ಲಿ ಅವರ ಕಾಲಿಗೆ ಗುಂಡು ತಗುಲಿತ್ತು. ಅದೇ ಕಾಲಿನಲ್ಲಿ ಲಂಡನ್ನಿನ ನೀರು ತುಳಿದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದರು. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು. ವಾಟರ್ ಪೋಲೋ ಚಿನ್ನವೂ ಆ ಸಲ ನಮ್ಮದೇ. ಅವರು 1987ರಲ್ಲಿ ತೀರಿಕೊಂಡರು. ಧ್ಯಾನ್ ಚಂದ್ ಪ್ರಶಸ್ತಿ ಬಂದದ್ದು 2020ರಲ್ಲಿ. ಇಂಥವರ ಬದುಕು ಬರೆಯುವಾಗ ಪಂದ್ಯದ ವರದಿ ಕಡಿಮೆ ಸಿಗುತ್ತದೆ. ಆಗ ಕ್ಲಬ್ಬಿನ ರಿಜಿಸ್ಟರ್, ಮನೆಯ ಫೋಟೋ, ಜೊತೆಗೆ ಈಜಿದವರ ಮಕ್ಕಳ ನೆನಪು. ಬೇಗ ಹೋಗಿ ಮಾತಾಡಿಸಿ. ತಡ ಮಾಡಿದ್ದಕ್ಕೆ ನಾನು ಎರಡು ಸಲ ಬರಿಗೈಲಿ ಬಂದಿದ್ದೇನೆ.

ಕೊನೆಗೆ, ಬರೆದದ್ದನ್ನು ಈಜು ಗೊತ್ತಿರುವ ಒಬ್ಬರಿಗೆ ಓದಿ ಹೇಳಿ. ನನ್ನ ಹಳೆಯ ತಂಡದ ಗೆಳತಿಗೆ ಆಂಟ್‌ವರ್ಪ್ ಪುಟ ಓದಿ ಹೇಳಿದೆ. ಗೋಲು, ಗಲಾಟೆ, ಪೊಲೀಸರು, ಎಲ್ಲ ಇತ್ತು. ಅವಳು ಕೇಳಿದ್ದು ಒಂದೇ ಮಾತು: "ನೀರು ತಣ್ಣಗಿತ್ತೇನೇ?" ಇತ್ತು. 1920ರ ಆ ಕೊಳ ಎಷ್ಟು ತಣ್ಣಗಿತ್ತೆಂದರೆ ಈಜುಗಾರರು ಮರಗಟ್ಟಿ ಹೋಗುತ್ತಿದ್ದರು, ಹೊರಗೆ ಬಂದವರ ಮೈ ತಿಕ್ಕಿ ಬಿಸಿ ಮಾಡಬೇಕಾಗುತ್ತಿತ್ತು. ನನಗೆ ಅದು ಗೊತ್ತಿತ್ತು, ಆದರೂ ಬರೆದಿರಲಿಲ್ಲ. ಆ ರಾತ್ರಿ ಪುಟವನ್ನು ಮೊದಲಿನಿಂದ ಬರೆದೆ. ಈಗ ಅದು ಶುರುವಾಗುವುದು 41 ವರ್ಷದ ಸ್ಮಿತ್ ಆ ಕಪ್ಪು ನೀರಿಗೆ ಇಳಿಯುವಲ್ಲಿ.